ನಿಪ್ಪಾಣಿಯಲ್ಲಿ ಕಹಿಯಾದ ರೊಟ್ಟಿ

ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಊರು ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಈಗ ಹಾಗಿಲ್ಲ ಅಂದುಕೊಂಡಿದ್ದೆ. ಕೊಗನೊಳ್ಳಿಯಲ್ಲಿ ಒಂದು ಮದುವೆಗೆಂದು ಹೊರಟವಳು ಮೊನ್ನೆ ಬಹಳ ವರ್ಷಗಳ ಮೇಲೆ ಅಲ್ಲಿ ಇಳಿದೆ. ಎತ್ತ ನೋಡಿದರೂ ಮೊಬೈಲ್ ಅಂಗಡಿ, ಗುರುತು ಹಿಡಿಯಲು ಒಂದು ಹಳೇ ಗೋಡೆಯೂ ಇಲ್ಲ. ಅಷ್ಟರಲ್ಲಿ ಚೀಲ ಹೇರಿಕೊಂಡ ಲಾರಿಯೊಂದು ಪಕ್ಕದಲ್ಲೇ ಹಾದುಹೋಯಿತು ನೋಡಿ, ತಂಬಾಕಿನ ಆ ಒಣ ಘಾಟು ಮೂಗಿಗೆ ಬಡಿದು ಮೇಲಿಂದ ಮೇಲೆ ಸೀನು. ಪಕ್ಕದಲ್ಲಿದ್ದ ಹೆಣ್ಣುಮಗಳು, "ಊರಿಗೆ ಹೊಸಬರೇನ್ರಿ?" ಅಂತ ನಕ್ಕಳು. ಹೊಸಬಳಲ್ಲ ತಾಯಿ, ಒಂದು ಇಡೀ ವರ್ಷ ಇದೇ ಘಾಟು ಕುಡಿದು ಬದುಕಿದವಳು ಅಂತ ಹೇಳಬೇಕೆನಿಸಿತು. ಹೇಳಲು ಸೀನು ಬಿಡಬೇಕಲ್ಲ!

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನಗೆ ಮೊದಲ ನೌಕರಿ ಸಿಕ್ಕಿದ್ದು ಆ ಊರಿನ ಒಂದು ಸಣ್ಣ ಶಾಲೆಯಲ್ಲಿ. ಹುಬ್ಬಳ್ಳಿಯಿಂದ ನನ್ನನ್ನು ಬಿಡಲು ಬಂದಿದ್ದ ಅಪ್ಪ, ಕ್ರೈಸ್ತರ ಓಣಿಯಲ್ಲೇ ಒಂದು ಖೋಲಿ ಹುಡುಕಿ ಕೊಟ್ಟು ಹೋದರು. ಚರ್ಚಿನ ಹಿಂಬದಿಗೆ ಅಂಟಿಕೊಂಡಂತಿದ್ದ ಹೆಂಚಿನ ಮನೆ. ಮನೆಯೊಡತಿ ಮಾರ್ಥಾಬಾಯಿ, ವಿಧವೆ. ಒಬ್ಬಳೇ ಮಗಳನ್ನು ರಾಯಬಾಗ ತಾಲೂಕಿನ ಪಾಲಬಾವಿಗೆ ಕೊಟ್ಟಿದ್ದಳು. ತಾನು ತಂಬಾಕಿನ ವಖಾರಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಗೋದಾಮಿಗೆ ಅಲ್ಲಿ ವಖಾರ ಅನ್ನುತ್ತಾರೆ. ಓಣಿಯ ಅರ್ಧಕ್ಕಿಂತ ಹೆಚ್ಚು ಹೆಂಗಸರ ಹೊಟ್ಟೆಪಾಡು ಅಲ್ಲೇ.

ಬೆಳಗಿನ ಭೋಂಗಾ, ಅಂದರೆ ವಖಾರದ ಸೈರನ್ನು, ಕೂಗುವ ಹೊತ್ತಿಗೆ ಮೂಗಿಗೆ ಸೆರಗು ಬಿಗಿದುಕೊಂಡು ಹೋದವಳು ಹೊತ್ತು ಮುಳುಗುವಾಗ ಬರುತ್ತಿದ್ದಳು. ಬಂದವಳು ನೀರು ಸಹ ಕುಡಿಯದೆ ನೇರ ಬಚ್ಚಲ ಕಲ್ಲಿನ ಹತ್ತಿರ ಹೋಗಿ, ಒಂದು ಉಂಡೆ ಹುಣಸೆಹಣ್ಣು ತಗೊಂಡು ಕೈ ತಿಕ್ಕಲು ಕೂರುವಳು. ಮೊದಮೊದಲು ನನಗಿದು ವಿಚಿತ್ರ ಅನಿಸಿತು. ಆಮೇಲೆ ತಿಳಿಯಿತು. ತಂಬಾಕಿನ ಎಲೆಗೆ ಒಂದು ಅಂಟು ಇರುತ್ತದೆ. ದಿನವೆಲ್ಲ ಎಲೆ ಬಿಡಿಸಿ, ಜರಡಿ ಹಿಡಿದ ಕೈಗೆ ಅದು ಹತ್ತಿ ಕಪ್ಪಗೆ ಕೂತುಬಿಡುತ್ತದೆ. ಸಾಬೂನಿಗೆಲ್ಲ ಅದು ಬಗ್ಗುವುದಿಲ್ಲ. ಆ ಕೈಯಿಂದ ಹಿಟ್ಟು ನಾದಿದರೆ ರೊಟ್ಟಿ ಕಹಿ, ಅನ್ನ ಕಲಸಿದರೆ ಅನ್ನ ಕಹಿ, ಮಗುವಿಗೆ ತುತ್ತಿಟ್ಟರೆ ಮಗು ಮುಖ ಕಿವುಚಿ ಉಗುಳುತ್ತದೆ.

"ನೋಡ್ರಿ ಅಕ್ಕೋರ," ಅನ್ನುತ್ತಿದ್ದಳು ಕೈ ಮುಂದೆ ಚಾಚಿ, "ದೇವ್ರು ಮನಶಾರ್ನ ಮಣ್ಣಿಂದ ಮಾಡ್ಯಾನಂತ ಮಾಸ್ತರು ಹೇಳ್ತಾರ. ನನ್ನೊಬ್ಬಾಕಿನ್ನ ಮಾತ್ರ ತಂಬಾಕದಾಗ ಮಾಡ್ಯಾನ ಅನಸ್ತೈತಿ!" ಹೇಳಿ ತಾನೇ ಗಹಗಹಿಸಿ ನಗುತ್ತಿದ್ದಳು. ನಗುವಾಗ ಅವಳ ಇಡೀ ಮೈ ಅಲುಗಾಡುತ್ತಿತ್ತು. ಊರು ಬಿಟ್ಟು ಬಂದ ನನ್ನ ಅಳುವನ್ನು ನಿಲ್ಲಿಸಿದ್ದು ಆ ನಗುವೇ.

ಅವಳು ಹೇಳಿದ ಮಾಸ್ತರು ನಮ್ಮ ಚರ್ಚಿನ ಸಭೆಯ ಹಿರಿಯರು. ಹೈಸ್ಕೂಲಿನ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಬಿಳಿ ಧೋತರ, ಕರೀ ಕೋಟು, ನೆಟ್ಟಗೆ ನಿಂತರೆ ಬಾಗಿಲು ತುಂಬುವ ಆಳು. ವೇದಪಾಠ, ಅಂದರೆ ಬೈಬಲಿನ ಭಾಗ, ಓದಲು ಅವರು ಎದ್ದರೆ ಫ್ಯಾನು ಸಹ ಸದ್ದು ಕಡಿಮೆ ಮಾಡಿತೇನೋ ಅನಿಸುತ್ತಿತ್ತು, ಅಂಥ ಕಂಠ. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ, ಎರಡರಲ್ಲೂ ಒಂದೇ ಸಮ. ವಖಾರಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ಕೈಹಿಡಿದು ಎಳೆತಂದು ಶಾಲೆಯಲ್ಲಿ ಕೂರಿಸಿದವರು ಅವರೇ. ಯಾರಿಗೆ ಜ್ವರ ಬಂದರೂ ಮೊದಲು ಬಾಗಿಲಿಗೆ ಬರುತ್ತಿದ್ದುದು ಅವರ ಕೋಲಿನ ಸದ್ದು. ಓಣಿಗೆ ಓಣಿಯೇ ಅವರನ್ನು ಗೌರವಿಸುತ್ತಿತ್ತು, ನಾನೂ. ಒಂದೇ ಒಂದು ಮಾತು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. "ನನ್ನದು ತಪ್ಪಾತು" ಅನ್ನುವುದು.

ಇನ್ನೊಂದು ಚಟವಿತ್ತು ಮಾಸ್ತರರಿಗೆ. ತಪಕೀರು, ಅಂದರೆ ನಶ್ಯ. ಕೋಟಿನ ಜೇಬಿನಲ್ಲಿ ಬೆಳ್ಳಿಯ ಪುಟ್ಟ ಡಬ್ಬಿ. ಅತ್ತರು ಹಾಕಿ ಮಾಡಿದ ಸುಗಂಧದ ತಪಕೀರೇ ಬೇಕು ಅವರಿಗೆ. ಓದಲು ಎದ್ದು ನಿಲ್ಲುವ ಮೊದಲು ಒಂದು ಚಿಟಿಕೆ ಏರಿಸಿ, ಒಂದು ಸೀನು ಸೀನಿ, ಆಮೇಲೆ ಪುಸ್ತಕ ತೆಗೆಯುವರು. ಮುಂದಿನ ಸಾಲಿನ ಮಕ್ಕಳು ಆ ಸೀನಿಗಾಗಿಯೇ ಕಾಯುತ್ತಿದ್ದವು. ತಂಬಾಕಿನ ಊರಲ್ಲಿ ಇದನ್ನು ಯಾರೂ ಚಟ ಅಂತ ಎಣಿಸುತ್ತಿರಲಿಲ್ಲ. ತಂಬಾಕು ಹುರಿದು ಪುಡಿ ಮಾಡಿದ ಮಿಶ್ರಿಯಲ್ಲಿ ಹಲ್ಲುಜ್ಜುವ ಅಜ್ಜಿಯರೂ ಅಲ್ಲಿ ದೇವರ ಮಕ್ಕಳೇ.

ಆ ವರ್ಷ ಈಸ್ಟರಿಗೆ ಮುಂಚಿನ ಲೆಂಟಿನ ಉಪವಾಸದ ದಿನಗಳಲ್ಲಿ ಪ್ರತಿ ಬುಧವಾರ ಸಂಜೆ ಮಾಸ್ತರು ಬೈಬಲಿನ ಪೌಲನ ಪತ್ರಿಕೆಗಳಿಂದ ಪಾಠ ಹೇಳುತ್ತಿದ್ದರು. ಶರೀರಕ್ಕೆ ತಕ್ಕಂತೆ ನಡೆಯುವುದೆಂದರೇನು, ಆತ್ಮನಿಗೆ ತಕ್ಕಂತೆ ನಡೆಯುವುದೆಂದರೇನು. ಕ್ರಿಸ್ತ ತನ್ನನ್ನು ಬರಿದು ಮಾಡಿಕೊಂಡು ಆಳಿನ ರೂಪ ತೊಟ್ಟದ್ದು ಹೇಗೆ. ಹೊರಗೆ ಕಾದ ಗಾಳಿ, ಒಳಗೆ ಚಾಪೆಯ ಮೇಲೆ ನಾವು. ವಖಾರದಿಂದ ನೇರ ಬಂದ ಹೆಂಗಸರು ತೂಕಡಿಸುತ್ತಿದ್ದರು. ಮಾರ್ಥಾಬಾಯಿ ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಒಂದು ಸಂಜೆ ಎದ್ದು ನಿಂತೇಬಿಟ್ಟಳು.

"ಮಾಸ್ತರ, ಒಂದ್ ಮಾತ ಕೇಳ್ಲೇನ್ರಿ?"

"ಕೇಳ್ರಿ, ಬಾಯಿ."

"ಆತ್ಮ ನಮ್ಮೊಳಗ ಬಂದಾನ ಅಂತ ಹೆಂಗ ಗೊತ್ತಾಗ್ತೈತ್ರಿ? ಜ್ವರ ಬಂದ್ರ ಮೈ ಸುಡತೈತಿ. ಸಿಟ್ಟ ಬಂದ್ರ ಕೈ ನಡಗತಾವು. ಆತ್ಮ ಬಂದ್ರ ಏನಾಗ್ತೈತ್ರಿ?"

ತೂಕಡಿಸುತ್ತಿದ್ದವರೂ ತಲೆ ಎತ್ತಿದರು. ಮಾಸ್ತರು ಖುಷಿಯಾದರು. ಒಂದು ಚಿಟಿಕೆ ಏರಿಸಿ, ಸೀನಿ, ಆತ್ಮನ ಫಲಗಳನ್ನೆಲ್ಲ ಪ್ರೀತಿಯಿಂದ ಹಿಡಿದು ಶಮೆದಮೆಯವರೆಗೆ ಬಿಡಿಸಿ ಬಿಡಿಸಿ ಹೇಳಿದರು. ಗ್ರೀಕ್ ಮೂಲದಲ್ಲಿ ಏನಿದೆ ಅನ್ನುವುದನ್ನೂ ಹೇಳಿದರು. ನಾನು ಕೂತಲ್ಲೇ ಬೆರಗಾದೆ. ಮನೆಗೆ ನಡೆದು ಬರುವಾಗ ಮಾರ್ಥಾಬಾಯಿ ಬೆರಳು ಮಡಚಿ ಮಡಚಿ ಆ ಫಲಗಳನ್ನು ಎಣಿಸುತ್ತಿದ್ದಳು.

"ಯಾಕ್ ಬಾಯಿ, ತಿಳೀಲಿಲ್ಲೇನು?" ಅಂದೆ.

"ಎಲ್ಲಾ ಭಾಳ ಚಂದ ಹೇಳಿದ್ರು ಬಿಡ್ರಿ," ಅಂದಳು. "ನಾ ಕೇಳಿದ್ದೊಂದ ಬಿಟ್ಟು."

ಈಗ ರೊಟ್ಟಿಯ ಸಂಗತಿಗೆ ಬರಬೇಕು. ನಮ್ಮ ಸಭೆಯಲ್ಲಿ ಪ್ರಭುಭೋಜನಕ್ಕೆ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರೂ ಹಂಚಿಕೊಂಡು ತಿನ್ನಲು, ಬೇಕಾದ ರೊಟ್ಟಿ ಮಾಸ್ತರರ ಮನೆಯಿಂದಲೇ ಬರಬೇಕು, ಅದು ಅವರ ಅಜ್ಜಿಯ ಕಾಲದಿಂದ ನಡೆದುಬಂದದ್ದು. ಅದಕ್ಕೆಂದೇ ಬೇರೆ ತವೆ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಮಾಸ್ತರರ ಹೆಂಡತಿಯನ್ನು ಎಲ್ಲರೂ ದೊಡ್ಡಬಾಯಿ ಅನ್ನುತ್ತಿದ್ದೆವು. ಅವರು ಸ್ನಾನ ಮಾಡಿ, ಪ್ರಾರ್ಥನೆ ಮಾಡಿ, ಗೋದಿ ಹಿಟ್ಟಿನ ತೆಳ್ಳನೆಯ ರೊಟ್ಟಿ ಮಾಡುವರು. ಅಥಣಿ ಕಡೆಯಿಂದ ತರಿಸಿದ ಒಣದ್ರಾಕ್ಷಿ ಕುದಿಸಿ ರಸ ತೆಗೆಯುವರು. ಚರ್ಚಿನ ಒಳಕೋಣೆಯಲ್ಲಿ ಕೂತು ಆ ರೊಟ್ಟಿಯನ್ನು ಸಣ್ಣ ಸಣ್ಣ ತುಂಡು ಮಾಡುವುದು ಮಾತ್ರ ಮಾಸ್ತರರ ಕೆಲಸ. ಅಲ್ಲಿಗೆ ಬೇರೆ ಯಾರೂ ಹೋಗುತ್ತಿರಲಿಲ್ಲ.

ಈಸ್ಟರ್ ಹತ್ತಿರ ಬಂದಾಗ ದೊಡ್ಡಬಾಯಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮಿರಜಿಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಇನ್ನು ಪವಿತ್ರ ಗುರುವಾರದ ಪ್ರಭುಭೋಜನಕ್ಕೆ ರೊಟ್ಟಿ ಯಾರು ಮಾಡಬೇಕು? ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಎಲ್ಲರನ್ನೂ ಕೂರಿಸಿಕೊಂಡರು. ಪಾಸ್ಟರು ನನ್ನಂತೆಯೇ ಹೊಸಬರು, ಮೆತ್ತಗಿನ ಮನುಷ್ಯ, ಸೈಕಲ್ ಮೇಲೆ ಓಡಾಡುವವರು.

"ಮಾರ್ಥಾಬಾಯಿ ಮಾಡ್ಲಿ ಅಂತ ನನ್ನ ವಿಚಾರ," ಅಂದರು.

ಮಾರ್ಥಾಬಾಯಿಯ ಮುಖ ಅರಳಿದ್ದನ್ನು ನಾನು ಪಕ್ಕದಿಂದ ನೋಡಿದೆ. ಅದು ಪೂರ್ತಿ ಅರಳುವ ಮೊದಲೇ ಮಾಸ್ತರು ಗಂಟಲು ಸರಿಮಾಡಿಕೊಂಡರು.

"ಬಾಯಿ ಒಳ್ಳೇ ಹೆಣ್ಮಗಳು, ಅದರಾಗ ಎರಡ ಮಾತಿಲ್ಲ. ಆದ್ರ ಅದು ವಖಾರದ ಕೈ, ಪಾಸ್ಟರ. ಕರ್ತನ ಮೇಜಿನ ಮ್ಯಾಲ ತಂಬಾಕದ ಕಹಿ ಬ್ಯಾಡ."

ಅಲ್ಲಿ ಕೂತಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಆದದ್ದು. ಪಾಸ್ಟರು ಮೆತ್ತಗಿದ್ದರೂ ಬಗ್ಗಲಿಲ್ಲ. "ತೊಳಕೊಂಡ ಮಾಡ್ತಾರ, ಮಾಸ್ತರ. ಅವರ ಮನ್ಯಾಗ ನಾ ಉಂಡೀನಿ," ಅಂದರು. ಮಾಸ್ತರು, "ಆತು, ಮಾಡ್ಲಿ. ನೋಡೂಣು," ಅಂದು ಕೋಲು ಊರಿಕೊಂಡು ಎದ್ದರು.

ಮನೆಗೆ ಬಂದ ಮೇಲೆ ಮಾರ್ಥಾಬಾಯಿ ಹೊಸ್ತಿಲ ಮೇಲೆ ಕೂತಳು. "ನಮ್ಮವ್ವನೂ ವಖಾರದಾಕಿನ ಅಕ್ಕೋರ. ಒಮ್ಮೆರೆ ಕರ್ತನ ರೊಟ್ಟಿ ನನ್ನ ಕೈಯಿಂದ ಆಗ್ಬೇಕು ಅಂತಿದ್ಲು. ಆಗ್ಲೇ ಇಲ್ಲ. ಈಗ ನನ್ನ ಪಾಲಿಗೆ ಬಂದೈತಿ. ಕಹಿ ಆದ್ರ ನನ್ನೊಬ್ಬಾಕಿದಲ್ಲ, ನಮ್ಮೆಲ್ಲಾರ ಮಾರಿಗೂ ಮಸಿ."

ಸುಗ್ಗಿಯ ಕಾಲ, ವಖಾರದಲ್ಲಿ ಕೈತುಂಬ ಕೆಲಸ. ಅಂಥದ್ದರಲ್ಲಿ ಆಳುಗಳ ಮೇಲ್ವಿಚಾರಕ ಮುಕಾದಮನ ಬೈಗುಳ ತಿಂದು ಅವಳು ಸೋಮವಾರದಿಂದಲೇ ರಜೆ ಹಾಕಿದಳು. ಹುಣಸೆಹಣ್ಣು, ಲಿಂಬೆ, ಹುಳಿ ಮಜ್ಜಿಗೆ, ಒಲೆಯ ಬೂದಿ, ಒಂದಾದ ಮೇಲೊಂದು. ಕೈ ಕೆಂಪಾಗಿ ಉರಿಯುವಷ್ಟು ತಿಕ್ಕಿದಳು. ಪಾಲಬಾವಿಯಿಂದ ಹಬ್ಬಕ್ಕೆ ಬಂದ ಮಗಳ ಕೈಯಲ್ಲಿ ಎಳೆಯ ಹೆಣ್ಣುಕೂಸು ಇತ್ತು. ಮಾರ್ಥಾಬಾಯಿ ದಿನಕ್ಕೊಮ್ಮೆ ತನ್ನ ಬೆರಳನ್ನು ಕೂಸಿನ ಬಾಯಿಗೆ ಕೊಟ್ಟು ಪರೀಕ್ಷೆ ಮಾಡುವಳು. ಮೊದಲ ದಿನ ಕೂಸು ಮುಖ ಕಿವುಚಿತು. ಗುರುವಾರ ಬೆಳಿಗ್ಗೆ ಬೆರಳನ್ನು ಚಪ್ಪರಿಸಿ ಚೀಪುತ್ತಾ ಬಿಡಲೇ ಇಲ್ಲ. "ಹೇ, ಪಾಸಾದೆ ನೋಡ್ರಿ ಅಕ್ಕೋರ!" ಅಂತ ಮಾರ್ಥಾಬಾಯಿ ಕುಣಿದೇಬಿಟ್ಟಳು.

ದೊಡ್ಡಬಾಯಿ ತಾವೇ ಎಡಗೈಯಲ್ಲಿ ಆ ತವೆಯನ್ನು ತಂದು ಕೊಟ್ಟು ಹೋದರು. ಹೊಸ ಸೀರೆ ಉಟ್ಟು, ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿ ಮಾರ್ಥಾಬಾಯಿ ರೊಟ್ಟಿ ಮಾಡಿದಳು. ಮೊದಲನೆಯದನ್ನು ಮುರಿದು ನನಗೆ ಕೊಟ್ಟಳು. ತಿಂದೆ. ಬಿಸಿ ಗೋದಿಯ ಸಿಹಿ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ಉಳಿದವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವಳೇ ಚರ್ಚಿಗೆ ಒಯ್ದು ಮಾಸ್ತರರ ಕೈಗೆ ಕೊಟ್ಟು ಬಂದಳು.

ಆ ಸಂಜೆಯ ಪಾಠ ನಿಮಗೂ ಗೊತ್ತಿರುತ್ತದೆ. ಕೊನೆಯ ಊಟದ ಹೊತ್ತು. ಗುರುವಾದವನು ಎದ್ದು, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆದದ್ದು. ಒಳಕೋಣೆಯಿಂದ ಬಂದ ಮಾಸ್ತರು ಅದನ್ನು ಎಷ್ಟು ಸೊಗಸಾಗಿ ಓದಿದರೆಂದರೆ ಬೋಗುಣಿಗೆ ನೀರು ಬಿದ್ದ ಸದ್ದು ಕೇಳಿಸಿದಂತಾಯಿತು. ಆಮೇಲೆ ಪಾಸ್ಟರು ರೊಟ್ಟಿಯ ತಟ್ಟೆ ಹಿಡಿದು ಬಂದರು. ಗಂಡಸರ ಸಾಲು ಮೊದಲು. ಬಾಯಿಗೆ ಇಟ್ಟುಕೊಂಡ ಒಬ್ಬೊಬ್ಬರ ಮುಖವೂ ಬದಲಾಗುತ್ತ ಬಂತು. ಒಬ್ಬ ಮುದುಕ ಕೆಮ್ಮಿದ. ಒಬ್ಬ ಹುಡುಗ ಅಪ್ಪನ ಮುಖ ನೋಡಿದ. ಉಗುಳುವಂತಿಲ್ಲ, ಪ್ರಭುವಿನ ರೊಟ್ಟಿ. ನನ್ನ ಸರದಿ ಬಂತು. ಬಾಯಿಗೆ ಇಟ್ಟದ್ದೇ ನಾಲಗೆ ಸುರುಟಿತು. ಕಹಿ!

ಮಾರ್ಥಾಬಾಯಿ ನನ್ನ ಪಕ್ಕದಲ್ಲಿದ್ದಳು. ಎಲ್ಲರ ಮುಖ ನೋಡುತ್ತಲೇ ಅವಳಿಗೆ ಅರ್ಥವಾಗಿತ್ತು. ತನ್ನ ತುಂಡನ್ನು ಬಾಯಿಗೆ ಇಟ್ಟುಕೊಂಡಳು, ನುಂಗಿದಳು. ದ್ರಾಕ್ಷಾರಸದ ಬಟ್ಟಲು ಬರುವ ಮೊದಲೇ ಎದ್ದು ಸೆರಗು ಮುಖಕ್ಕೆ ಒತ್ತಿಕೊಂಡು ಹೊರಗೆ ಹೋದಳು. ಮಾಸ್ತರರೂ ತಿಂದರು, ಅವರ ಮುಖದಲ್ಲಿ ಏನೂ ಆಗಲಿಲ್ಲ. ಬಾಗಿಲ ಹತ್ತಿರ ಪಾಸ್ಟರಿಗೆ ಅವರು ಹೇಳಿದ್ದು ಮೆಲ್ಲಗೇ, ಆದರೆ ಆ ಕಂಠಕ್ಕೆ ಮೆಲ್ಲಗೆ ಅನ್ನುವುದೇ ಇರಲಿಲ್ಲವಲ್ಲ, ಎಲ್ಲರಿಗೂ ಕೇಳಿಸಿತು. "ನಾ ಮೊದಲ ಹೇಳಿದ್ದೆ."

ಮನೆಯಲ್ಲಿ ನಾನು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. "ಬಾಯಿ, ಮುಂಜಾನೆ ನಾನ ತಿಂದೀನಲ್ಲ, ಕಹಿ ಇರಲಿಲ್ಲ!"

"ನಿಮಗ ನನ್ನ ಮ್ಯಾಲ ಅಂತಃಕರಣ ಐತ್ರಿ. ಅದಕ್ಕ ಗೊತ್ತಾಗಿಲ್ಲ." ದೊಡ್ಡಬಾಯಿಯ ತವೆಯನ್ನು ಒರೆಸಿಡುತ್ತ ಅಂದಳು. "ಇನ್ನ ರೊಟ್ಟಿ ಮಾಡೂದಂತೂ ಇಲ್ಲ. ಮೇಜಿಗೂ ಬರೂದಿಲ್ಲ ನಾ. ಚಪ್ಪಲಿ ಬಿಡೂ ಕಡೆ ಕುಂತು ಹಾಡಾ ಕೇಳಿ ಬರ್ತೀನಿ, ಸಾಕು." ಅಂದರೆ ಇನ್ನು ಪ್ರಭುಭೋಜನವನ್ನೇ ಮುಟ್ಟುವುದಿಲ್ಲ ಅಂತ. ಅವಳಂಥವಳಿಗೆ ಅದು ಅನ್ನ ಬಿಟ್ಟಂತೆ. ಮರುದಿನ ಶುಭ ಶುಕ್ರವಾರ, ಇಡೀ ಓಣಿ ಉಪವಾಸವಿದ್ದು ಚರ್ಚಿನಲ್ಲಿ ಕೂತಿದ್ದರೆ ಅವಳು ಮೂಗಿಗೆ ಸೆರಗು ಬಿಗಿದು ವಖಾರಕ್ಕೆ ಹೋದಳು. ಅವಳ ಹಿಂದೆ ಇನ್ನೂ ಕೆಲವರು ಹೋದರು. "ನಮ್ಮ ಕೈ ಹೊಲಸಂದ್ರ ನಾವ್ಯಾಕ ಬರೂದು?" ಅನ್ನುವ ಮಾತು ನಳದ ಹತ್ತಿರ ಕೇಳಿಬಂತು. ಪಾಸ್ಟರು ಮನೆ ಮನೆ ಸುತ್ತಿ ಬಂದು ತಲೆ ಹಿಡಿದುಕೊಂಡು ಕೂತರು.

ಅದೇ ಶುಕ್ರವಾರ ಸಂಜೆ ಮಾಸ್ತರರ ಮನೆಯಲ್ಲಿ ಏನಾಯಿತು ಅನ್ನುವುದನ್ನು ದೊಡ್ಡಬಾಯಿ ಆಮೇಲೆ ನನಗೆ ಹೇಳಿದರು. ಮೇಜಿನ ಮೇಲೆ ಉಳಿದ ರೊಟ್ಟಿಯನ್ನು ಎಸೆಯುವಂತಿಲ್ಲ, ಹಿರಿಯರ ಮನೆಯವರೇ ತಿಂದು ಮುಗಿಸಬೇಕು. ಉಪವಾಸ ಬಿಡುವಾಗ ದೊಡ್ಡಬಾಯಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದರು. ಮತ್ತೊಂದು ತುಂಡು ತಿಂದರು.

"ಏನ್ರಿ, ಇದು ಎಲಿ ಕಹಿ ಅಲ್ಲ. ಇದರಾಗ ಅತ್ತರದ ವಾಸನಿ ಐತಿ. ವಖಾರದ ಎಲಿಗೆ ಅತ್ತರ ಎಲ್ಲಿಂದ ಬರ್ಬೇಕು? ನಿಮ್ಮ ಡಬ್ಬಿ ತಗೀರಿ ಸ್ವಲ್ಪ."

ಮಾಸ್ತರು ಮೊದಲು ಸಿಟ್ಟಾದರಂತೆ. ಆಮೇಲೆ ಡಬ್ಬಿ ತೆಗೆದರಂತೆ. ಗುರುವಾರ ಒಳಕೋಣೆಯಲ್ಲಿ ರೊಟ್ಟಿ ಮುರಿಯುತ್ತ ಕೂತಾಗ ಅವರ ಮನಸ್ಸಿಗೆ ಕಸಿವಿಸಿ. ಮನೆತನದ ಕೆಲಸ ಕೈತಪ್ಪಿತಲ್ಲ ಅಂತ. ಕಸಿವಿಸಿಯಾದಾಗ ಅವರ ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ಒಂದು ಚಿಟಿಕೆ, ರೊಟ್ಟಿಯ ತುಂಡು, ಮತ್ತೊಂದು ಚಿಟಿಕೆ. ಅವರ ನಾಲಗೆಗೆ ಆ ಕಹಿ ಎಷ್ಟು ಒಗ್ಗಿಹೋಗಿತ್ತೆಂದರೆ ತಿಂದಾಗಲೂ ತಿಳಿಯಲಿಲ್ಲ.

"ಮಾಸ್ತರು ಯಾರ ಮುಂದೂ ಹೇಳಬ್ಯಾಡ ಅಂದ್ರೇನ್ರಿ?" ಅಂತ ನಾನು ಕೇಳಿದೆ.

ದೊಡ್ಡಬಾಯಿ ಸುಳ್ಳು ಹೇಳುವವರಲ್ಲ. "ಅಂದ್ರವ್ವಾ. ಶುಕ್ರವಾರ ಅಂದ್ರು. ಇಷ್ಟ ವರ್ಷದ ಮಾನ ಹೋಗ್ತೈತಿ ಅಂದ್ರು. ಶನಿವಾರ ದಿನಾ ಪೂರ್ತಿ ಅಂಗಳದಾಗ ಅತ್ತಿಂದಿತ್ತ ತಿರಗ್ಯಾಡಿದ್ರು. ಊಟಕ್ಕ ಕುಂತ್ರ ತುತ್ತ ಬಾಯಿಗೆ ಹೋಗಲಿಲ್ಲ. ಕಹಿ ಹತ್ತಾಕತ್ತೈತಿ ಅಂದ್ರು. ಇದ್ದದ್ದು ಸಾದಾ ಬ್ಯಾಳಿ, ಅನ್ನ."

ಈಸ್ಟರ್ ದಿನ ಬೆಳಕು ಹರಿಯುವ ಹೊತ್ತಿಗೆ ಚರ್ಚಿನ ಅಂಗಳದಲ್ಲಿ ಆರಾಧನೆ. ಹೆಂಗಸರ ಕಡೆ ಅರ್ಧ ಚಾಪೆ ಖಾಲಿ. ಮಾರ್ಥಾಬಾಯಿ ಬಂದಿದ್ದಳು, ಹೇಳಿದಂತೆಯೇ ಗೇಟಿನ ಬಳಿ ಚಪ್ಪಲಿಗಳ ರಾಶಿಯ ಪಕ್ಕ ಕೂತಿದ್ದಳು. ನಾನು ಎಷ್ಟು ಎಳೆದರೂ ಮುಂದೆ ಬರಲಿಲ್ಲ. ಕನ್ನಡದ ಹಾಡಾಯಿತು, ಮರಾಠಿಯ ಹಾಡಾಯಿತು. ಮಾಸ್ತರು ಪಾಠ ಓದಲು ಎದ್ದು ನಿಂತರು. ಮುಂದಿನ ಸಾಲಿನ ಮಕ್ಕಳು ಸೀನಿಗಾಗಿ ಕಾದವು. ಸೀನು ಬರಲಿಲ್ಲ. ಪುಸ್ತಕ ತೆರೆದರು, ಮುಚ್ಚಿದರು.

ಬೆಳ್ಳಿಯ ಡಬ್ಬಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟರು.

"ಗುರುವಾರ ನೀವೆಲ್ಲ ಕಹಿ ರೊಟ್ಟಿ ತಿಂದ್ರಿ," ಅಂದರು. ಆ ಕಂಠ ಒಡೆದಿತ್ತು. "ಆ ಕಹಿ ಮಾರ್ಥಾಬಾಯಿ ಕೈದಲ್ಲ. ನನ್ನ ಕೈದು. ಈ ಡಬ್ಬಿದು. ರೊಟ್ಟಿ ಮುರಿಯೂ ಮುಂದ ತಪಕೀರ ಏರಿಸಿದ ಬೆರಳು ತೊಳಕೊಂಡಿರಲಿಲ್ಲ ನಾ. ಅವರ ಕೈಯಾಗ ಕಹಿ ಐತಿ ಅಂದೆ. ನನ್ನ ಕೈಯಾಗ ಇತ್ತು. ಶುಕ್ರವಾರನ ನನಗ ಗೊತ್ತಾತು. ಮುಚ್ಚಿಡಬೇಕಂತ ಮಾಡಿದ್ದೆ. ನನ್ನದು ತಪ್ಪಾತು."

ಮಾಸ್ತರು ಕೋಲು ಅಲ್ಲೇ ಬಿಟ್ಟು, ಚಾಪೆಗಳ ನಡುವೆ ನಡೆದು, ಗೇಟಿನ ತನಕ ಹೋದರು. ಅಷ್ಟು ದೊಡ್ಡ ಆಳು, ಮಂಡಿ ಹಿಡಿದುಕೊಂಡು, ಕರೀ ಕೋಟಿನ ಸಮೇತ ಚಪ್ಪಲಿಗಳ ಪಕ್ಕ ನೆಲದ ಮೇಲೆ ಕೂತರು. ಕೂತು ಎರಡೂ ಕೈ ಮುಂದೆ ಚಾಚಿದರು.

"ನೀವು ಹೆಂಗ ತೊಳಕೋತೀರಿ, ಹಂಗ ನನ್ನ ಕೈ ತೊಳದ್ ಕೊಡ್ರಿ, ಬಾಯಿ."

"ಅಯ್ಯಯ್ಯ, ಏಳ್ರಿ ಮಾಸ್ತರ! ಏನಿದು ಹಬ್ಬದ ದಿನ!" ಮಾರ್ಥಾಬಾಯಿ ಗಾಬರಿಯಾಗಿ ಅತ್ತಿತ್ತ ನೋಡಿದಳು, ಅಳು ಬಂತು, ಸೆರಗಿನಿಂದ ಒರೆಸಿಕೊಂಡಳು. ಅವರು ಏಳಲಿಲ್ಲ. ಕಡೆಗೆ ಅವಳು ಎದ್ದು ಮನೆಗೆ ಓಡಿದಳು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಹುಣಸೆಹಣ್ಣಿನ ಉಂಡೆ ಹಿಡಿದು ಬಂದಳು. ಮಾಸ್ತರರ ಬೆರಳು ಒಂದೊಂದೇ ಹಿಡಿದು ತಿಕ್ಕಿದಳು, ಮಕ್ಕಳ ಕೈ ತೊಳೆಯುತ್ತಾರಲ್ಲ ಹಾಗೆ. ತಿಕ್ಕುತ್ತ ತಿಕ್ಕುತ್ತ ಅವಳ ಹಳೇ ಧಾಟಿ ಮರಳಿ ಬಂತು.

"ಉಗುರಿನ ಸಂದ್ಯಾಗ ಭಾಳ ಐತ್ರಿ ಮಾಸ್ತರ. ವಖಾರದವ್ರಿಗಿಂತ ಹೆಚ್ಚೈತಿ!"

ಮಾಸ್ತರು ಮೊದಲು ನಕ್ಕರು. ಆಮೇಲೆ ಇಡೀ ಅಂಗಳ ನಕ್ಕಿತು. ಗೇಟಿನಾಚೆ ನಿಂತು ಇಣುಕುತ್ತಿದ್ದ ವಖಾರದ ಹೆಂಗಸರೂ ನಗುತ್ತ ಒಳಗೆ ಬಂದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಕೈ ಒರೆಸಿಕೊಳ್ಳುತ್ತ ಮಾಸ್ತರು ಅಂದರು, "ಆತ್ಮ ಬಂದ್ರ ಏನಾಗ್ತೈತಿ ಅಂತ ಆವತ್ತ ಕೇಳಿದ್ರಿ ಅಲ್ಲಾ ಬಾಯಿ? ನಾ ಪುಸ್ತಕದ್ದ ಹೇಳಿದೆ. ಈಗ ಕೇಳ್ರಿ. ಮುಚ್ಚಿಡಾಕ ನೋಡಿದ್ರ ಒಳಗ ಒಬ್ಬಾಂವ ಸುಮ್ಮ ಕುಂಡ್ರಾಕ ಬಿಡ್ಲಿಲ್ಲ. ಅನ್ನ ಕಹಿ ಮಾಡಿದಾ. ಈ ಚಪ್ಪಲಿ ತನಕ ಕೈ ಹಿಡ್ದು ಎಳಕೊಂಡ ಬಂದಾ. ಅವನ ಇರಬೇಕ್ರಿ."

ಪ್ರವಚನ ಬೇಕಿರಲಿಲ್ಲ. ಪಾಸ್ಟರು ಬೈಬಲ್ ಮುಚ್ಚಿ, "ಬಾಯಿ, ಈಗ ರೊಟ್ಟಿ ಆದೀತೇನ್ರಿ?" ಅಂದರು. ಯಾಕಾಗಬಾರದು? ಅವಳ ಹಿಂದೆ ಹೆಂಗಸರ ಹಿಂಡೇ ಹೋಯಿತು. ರೊಟ್ಟಿ ಬರುವ ತನಕ ಅಂಗಳದಲ್ಲಿ ಕನ್ನಡ, ಮರಾಠಿ ಹಾಡು. ಬಿಸಿ ರೊಟ್ಟಿ ಬಂತು, ಪಾಸ್ಟರೂ ಮಾಸ್ತರರೂ ಎಲ್ಲರೆದುರೇ ಕೈ ತೊಳೆದುಕೊಂಡು ಮುರಿದರು. ಮಾರ್ಥಾಬಾಯಿ ಮುಂದೆ ಬಂದು ಕೂತು ತಿಂದಳು. ಅಷ್ಟು ಸಿಹಿಯಾದ ರೊಟ್ಟಿ ನಾನು ಆಮೇಲೆ ಎಲ್ಲೂ ತಿಂದಿಲ್ಲ.

ಆರಾಧನೆ ಮುಗಿದು ಎಲ್ಲರೂ ಏಳುವಾಗ ಮಾರ್ಥಾಬಾಯಿ ಗೇಟಿಗೆ ಅಡ್ಡ ನಿಂತಳು. "ಕೇಳ್ರಿ ಎಲ್ಲಾರೂ. ಇವತ್ತಿನ ಮಾತ ಈ ಗೇಟ ದಾಟಬಾರ್ದು. ಮಾಸ್ತರ ಹೆಸರ ಯಾರ ಬಾಯಾಗ ಬಂದ್ರೂ ನನ್ನ ಆಣಿ ಐತಿ." ನಾನು ಮನಸ್ಸಿನಲ್ಲೇ ನಕ್ಕೆ. ನಳದ ಹತ್ತಿರ ಕೊಡ ತುಂಬುವುದರೊಳಗೆ ಸುದ್ದಿ ಚಿಕ್ಕೋಡಿ ಮುಟ್ಟುವ ಊರು ಅದು.

ಆ ಬೇಸಿಗೆ ಮುಗಿಯುವುದರೊಳಗೆ ನನಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿ ಹೊರಟುಬಂದೆ. ಮಾಸ್ತರು ಹೋದ ಸುದ್ದಿ ಬಂತು, ಕೆಲವು ವರ್ಷಕ್ಕೆ ದೊಡ್ಡಬಾಯಿ, ಆಮೇಲೆ ಮಾರ್ಥಾಬಾಯಿ. ಬದುಕಿನ ಗಡಿಬಿಡಿಯಲ್ಲಿ ಯಾವುದಕ್ಕೂ ಹೋಗಲಾಗಲಿಲ್ಲ. ದೀನತೆಯ ಮೇಲೆ ನಾನು ಬಹಳ ಪ್ರವಚನ ಕೇಳಿದ್ದೇನೆ. ಕೇಳುವಾಗೆಲ್ಲ ಚಪ್ಪಲಿಗಳ ಪಕ್ಕ ಕೂತ ಆ ಕರೀ ಕೋಟು ಕಣ್ಣ ಮುಂದೆ ಬರುತ್ತದೆ.

ಮೊನ್ನೆ ಕೊಗನೊಳ್ಳಿಯ ಮದುವೆ ಮುಗಿಸಿ, ಭಾನುವಾರ ಬೆಳಿಗ್ಗೆ ಆ ಚರ್ಚಿಗೆ ಹೋದೆ. ನೆಲಕ್ಕೆ ಟೈಲ್ಸ್, ಚಾಪೆಯ ಬದಲು ಕುರ್ಚಿ. ಒಬ್ಬ ಹುಡುಗ ಪಾಸ್ಟರ್. ಅಂದು ಪ್ರಭುಭೋಜನವಿತ್ತು. ರೊಟ್ಟಿ ಮುರಿಯುವ ಮೊದಲು ಪಾಸ್ಟರೂ ಹಿರಿಯರೂ ಎದ್ದು ಬಾಗಿಲ ಹತ್ತಿರ ಹೋದರು. ಅಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ, ಒಂದು ಸ್ಟೂಲು. ಅದರ ಮೇಲೆ ತಂಬಿಗೆ, ಬೋಗುಣಿ, ಒಂದು ಹುಣಸೆಹಣ್ಣಿನ ಉಂಡೆ. ಒಬ್ಬೊಬ್ಬರೂ ನೆಲದ ಮೇಲೆ ಕೂತು ಕೈ ಚಾಚಿದರು, ಒಬ್ಬ ಹೆಂಗಸು ಬೆರಳು ಬೆರಳು ತಿಕ್ಕಿ ನೀರು ಹಾಕಿದಳು.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಹತ್ತಿರ ಹೋಗಿ, ಇದೇನು ಅಂತ ಕೇಳಿದೆ.

"ನಮ್ಮ ಸಭೆಯ ಹಳೇ ಪದ್ಧತಿ ಅಕ್ಕೋರ. ಮಿಶನರಿಗಳ ಕಾಲದ್ದಿರಬೇಕು," ಅಂದ. "ಕೈ ತೊಳಿಯೂದು ಸರಿ, ಹುಣಸೆಹಣ್ಣು ಯಾಕ ಅಂತ ವೇದದಾಗೆಲ್ಲಾ ಹುಡುಕೀನಿ. ಸಿಕ್ಕಿಲ್ಲ."

ತಂಬಿಗೆ ತೊಳೆದಿಡುತ್ತಿದ್ದ ಆ ಹೆಂಗಸು ನಕ್ಕಳು. ನಗುವಾಗ ಅವಳ ಇಡೀ ಮೈ ಅಲುಗಾಡಿತು. "ಪಾಲಬಾವಿ ಕೂಸಲ್ಲೇನು ನೀನು?" ಅಂದೆ. ಬೆರಳು ಚೀಪಿ ಅಜ್ಜಿಯನ್ನು ಪಾಸು ಮಾಡಿದ್ದ ಕೂಸು! ನಾನು ಯಾರೆಂದು ಹೇಳಿದ್ದೇ ಕೈ ಹಿಡಿದುಕೊಂಡಳು.

"ಹಂಗಾದ್ರ ನಿಮಗ ಗೊತ್ತಿರಬೇಕಲ್ರಿ? ಇದು ಮೊದಲ ಯಾರ ಕೈ ತೊಳದದ್ದು? ಅಜ್ಜಿ ಸಾಯೂಮಟಾ ಹೇಳ್ಲಿಲ್ಲ. ಓಣ್ಯಾಗಿನ ಮುದುಕ್ಯಾರ್ನೂ ಕೇಳೀನಿ. ಯಾರೂ ಬಾಯಿ ಬಿಡೂದಿಲ್ಲ. ‘ಒಬ್ಬ ದೊಡ್ಡ ಮನಶಾ ಇದ್ದಾ’ ಅಂತಾರ, ಅಷ್ಟ."

ಅಷ್ಟೂ ವರ್ಷ ಆ ಮಾತು ಗೇಟು ದಾಟಿರಲಿಲ್ಲ. ಯಾವ ಹೆಂಗಸರ ಕೈಯನ್ನು ಮಾಸ್ತರು ಕಹಿ ಎಂದಿದ್ದರೋ ಆ ಹೆಂಗಸರೆಲ್ಲ ಸೇರಿ ಅವರ ಹೆಸರನ್ನು ಕಾಪಾಡಿದ್ದರು. ಇಷ್ಟೆಲ್ಲ ಬರೆದರೂ ಮಾಸ್ತರರ ಹೆಸರನ್ನು ನಾನು ಎಲ್ಲೂ ಬರೆಯದೆ ಇರುವುದು ಅದಕ್ಕೇ. ನನಗೂ ಮಾರ್ಥಾಬಾಯಿಯ ಆಣೆ ಇದೆ.

"ಹೌದವ್ವಾ," ಅಂದೆ, "ಒಬ್ಬ ದೊಡ್ಡ ಮನಶಾ ಇದ್ದಾ." ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಎರಡೂ ಕೈ ಚಾಚಿದೆ. "ನನ್ನ ಕೈಗೂ ಒಂದಿಷ್ಟ ನೀರ ಹಾಕು."